ರೆಟ್ಗರ್ಸೈಟ್ ಖನಿಜದ ಗುರುತು

ಪೆರು ದೇಶದ ಮಿನಾಸ್ರಾಗ್ರಾ ಗಣಿಯಲ್ಲಿ ದೊರೆತು, 1949ರಲ್ಲಿ ಡಚ್ ಸ್ಫಟಿಕವಿಜ್ಞಾನಿ ರೆಟ್ಗರ್ಸರ ಹೆಸರನ್ನು ಪಡೆದ ನಿಕ್ಕಲ್ ಸಲ್ಫೇಟ್ ಖನಿಜವೊಂದನ್ನು ನಾವಿಂದು ಪರಿಚಯಿಸಬಯಸುತ್ತೇವೆ. ನೋಟಕ್ಕೆ ಪಚ್ಚೆಯೇ ಸರಿ. ಗಡಸುತನವಾದರೋ ನಮ್ಮ ಉಗುರಿನಷ್ಟೇ. ಧೂಳು ಹತ್ತಿತೆಂದು ತೊಳೆಯಹೋದರೆ ನೀರಿನಲ್ಲಿ ಕರಗಿಯೇ ಹೋದೀತು! ರುಚಿ ನೋಡಲಂತೂ ಆಗದು, ಅದು ವಿಷ.

ಹಸಿರು ಬಣ್ಣವನ್ನು ನಂಬುವಂತಿಲ್ಲ. ತಾಮ್ರದ ಲವಣಗಳಲ್ಲಿಯೂ ಅದುಂಟು. ಕಣವೊಂದನ್ನು ಕರಗಿಸಿ, ಅಮೋನಿಯಾ ಬೆರೆಸಿ, ಡೈಮೀಥೈಲ್‌ಗ್ಲೈಆಕ್ಸಿಮ್ ದ್ರಾವಣವನ್ನು ಹನಿಸಿದಾಗ ಕೆಂಪು ಗಷ್ಟು ಮೂಡಿದರೆ ನಿಕ್ಕಲ್ ಇರುವುದು ನಿಶ್ಚಯ. ಹೆಸರು ಮಾತ್ರ ಇನ್ನೂ ನಿಶ್ಚಯವಲ್ಲ. ಇದರ ಸೋದರನಾದ ಮೊರೆನೊಸೈಟಿನಲ್ಲಿ ನೀರಿನ ಅಣುಗಳು ಏಳು, ಇದರಲ್ಲಿ ಆರು. ಒಣಹವೆಯಲ್ಲಿ ಒಂದಣು ಹಾರಿಹೋದರೆ ಅದೇ ಇದಾಗಬಹುದು. ಪೆಟ್ಟಿಗೆಯ ಮೇಲಿನ ಚೀಟಿಯೋ ಹಳೆಯ ಹೆಸರನ್ನೇ ಸಾರುತ್ತಿರುತ್ತದೆ. ಆರು ಅಣುಗಳದೇ ಆದ ನಿಕ್ಕಲ್‌ಹೆಕ್ಸಾಹೈಡ್ರೈಟ್ ಎಂಬ ಇನ್ನೊಂದೂ ಉಂಟು. ಅಲ್ಲಿ ರಸಾಯನ ಪರೀಕ್ಷೆಯೂ ಸೋಲುತ್ತದೆ. ಕ್ಷ-ಕಿರಣಗಳಿಂದ ಸ್ಫಟಿಕದ ಒಳಜೋಡಣೆಯನ್ನೇ ನೋಡಿ ತೀರ್ಮಾನಿಸಬೇಕಾಗುತ್ತದೆ.