ಬಾಲವೇ ಭಾರವಾದ ಹುಂಜ

ಹುಂಜದ ಬಾಲ ಎಷ್ಟು ಉದ್ದವಿರಬಹುದು? ಹಿತ್ತಿಲಲ್ಲಿ ಕೆದಕುವ ನಾಟಿ ಹುಂಜವನ್ನು ಕಂಡವರು ಒಂದು ಮೊಳ ಎಂದಾರು. ಆದರೆ ಜಪಾನಿನ ಶಿಕೋಕು ದ್ವೀಪದ ಕೊಚಿ ಪ್ರಾಂತ್ಯದಲ್ಲಿ 10 ಮೀಟರಿಗೂ ಉದ್ದ ಬಾಲ ಬೆಳೆಸಿದ ಹುಂಜಗಳು ಆಗಿಹೋಗಿವೆ.

ಆ ತಳಿಯ ಹೆಸರು ಒನಾಗದೋರಿ. ಹಾಗೆಂದರೆ ಉದ್ದ ಬಾಲದ ಕೋಳಿ. ಈಗಿನ ಕೊಚಿ ಹಿಂದೆ ತೋಸಾ ಸಂಸ್ಥಾನವಾಗಿತ್ತು. ದೊರೆಯ ಮೆರವಣಿಗೆಯ ಈಟಿಗಳನ್ನು ಸಿಂಗರಿಸಲು ಉದ್ದ ಗರಿ ಬೇಕಿತ್ತು, ಅದಕ್ಕಾಗಿಯೇ ಇಂಥ ಹುಂಜಗಳನ್ನು ಆರಿಸಿ ಸಾಕಿದರು ಎಂಬುದು ಅಲ್ಲಿನ ಪ್ರತೀತಿ.

ಇದರ ಗುಟ್ಟೇನು? ಸಾಮಾನ್ಯ ಕೋಳಿ ವರ್ಷಕ್ಕೊಮ್ಮೆ ಹಳೆಯ ಗರಿ ಉದುರಿಸಿ ಹೊಸದನ್ನು ಪಡೆಯುತ್ತದೆ. ಈ ಹುಂಜದ ಬಾಲದ ಕೆಲವು ಗರಿಗಳು ಉದುರದೆ ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತವೆ. ಇದು ವಂಶಪಾರಂಪರ್ಯವಾಗಿ ಬರುವ ಗುಣ. ಹೇಂಟೆಗೆ ಮಾತ್ರ ಈ ವೈಭವವಿಲ್ಲ.

ಚೆಲುವಿಗೆ ಬೆಲೆ ತೆರುವುದು ಹುಂಜವೇ. ಗರಿ ಮುರಿಯದಿರಲೆಂದು ಅದನ್ನು 'ತೊಮೆಬಾಕೊ' ಎಂಬ ಎತ್ತರದ, ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಅಡ್ಡಕೋಲಿನ ಮೇಲೆ ಕೂರಿಸುತ್ತಾರೆ. ಮಣ್ಣು ಕೆದಕುವುದು ಕೋಳಿಯ ಹುಟ್ಟುಗುಣ. ಪೆಟ್ಟಿಗೆಯಲ್ಲಿ ಅದಕ್ಕೆಲ್ಲಿ ಅವಕಾಶ? ಹೊರಗೆ ಅಡ್ಡಾಡಿಸುವಾಗಲೂ ಬಾಲ ಎತ್ತಿ ಹಿಡಿಯಲು ಒಬ್ಬರು ಬೇಕು.

1952ರಲ್ಲಿ ಜಪಾನ್ ಸರಕಾರ ಈ ತಳಿಯನ್ನು 'ವಿಶೇಷ ನೈಸರ್ಗಿಕ ಸ್ಮಾರಕ'ವೆಂದು ಸಾರಿತು. ಕೋಳಿಗಳಲ್ಲಿ ಈ ಮನ್ನಣೆ ಪಡೆದದ್ದು ಇದೊಂದೇ. ಆದರೆ ಇದು ಕಲ್ಲಿನ ಸ್ಮಾರಕವಲ್ಲ. ದಿನವೂ ಕಾಳು, ನೀರು ಇಟ್ಟು ಗರಿ ಕಾಯುವವರಿದ್ದರಷ್ಟೇ ಉಳಿದೀತು. ಉದ್ದ ಗರಿಯನ್ನು ಬಯಸಿದವನು ಮನುಷ್ಯ. ಅದನ್ನು ಹೊತ್ತ ಹುಂಜದ ಹೊಣೆಯೂ ಅವನದೇ ಅಲ್ಲವೇ?