ಒಬ್ಬನೇ ನಡೆಸುವ ಮೋಟಾರು ದುರಸ್ತಿ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವೇಳೆ ಸ್ವಲ್ಪ. ಆದುದರಿಂದ ಪೀಠಿಕೆ ಬಿಟ್ಟು ವಿಷಯಕ್ಕೇ ಬರುತ್ತೇನೆ. ಫಿಟ್ಟರನೋ ವೈಂಡರನೋ ಆಗಿ ಹತ್ತಾರು ವರ್ಷ ದುಡಿದ ನಮ್ಮವರಲ್ಲಿ ಅನೇಕರಿಗೆ, ಕಂತ್ರಾಟು ಕೆಲಸವನ್ನು ನಂಬಿ ಕೂರುವುದಕ್ಕಿಂತ ಸ್ವಂತವಾಗಿ ಮೋಟಾರು ದುರಸ್ತಿ ಮಾಡಿ ಬದುಕಬಾರದೆ ಎಂಬ ಯೋಚನೆ ಇದೆ. ಬದುಕಬಹುದು. ಆದರೆ ಕೈಯಲ್ಲಿ ಕಸಬಿದ್ದ ಮಾತ್ರಕ್ಕೆ ಅಂಗಡಿ ನಡೆಯದು.

ನಮ್ಮ ಬೆಳಗಾವಿ ಜಿಲ್ಲೆಯವರೇ ಆದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅವರು ಮುಂಬಯಿಯ ತಾಂತ್ರಿಕ ವಿದ್ಯಾಲಯದಲ್ಲಿ ಶಿಕ್ಷಕರಾಗಿದ್ದಾಗ ಊರಿನ ಅಂಗಡಿಯನ್ನು ನೋಡಿಕೊಂಡವರು ಅಣ್ಣ. ಸಂಬಳ ಬರುತ್ತಿರುವಾಗಲೇ ವ್ಯಾಪಾರ ಬೇರೂರಿತು. ರಾಜಿನಾಮೆಯ ಕಾಗದ ಬರೆಯಲು ಅವಸರ ಪಡುವ ತರುಣರು ಇದನ್ನು ಗಮನಿಸಬೇಕು. ಭಾನುವಾರ ಮತ್ತು ಪಾಳಿಯ ನಂತರದ ಹೊತ್ತಿನಲ್ಲಿ ಐದಾರು ಖಾಯಂ ಗಿರಾಕಿಗಳು ಆಗುವ ತನಕ ಕೆಲಸ ಬಿಡಬೇಡಿ. ನೀವು ದುಡಿಯುವ ಕಾರ್ಖಾನೆಯ ಗಿರಾಕಿಗಳನ್ನು ಮಾತ್ರ ಮುಟ್ಟಬೇಡಿ, ಅದು ನ್ಯಾಯವಲ್ಲ.

ಇನ್ನು, ಒಂದೇ ಬಗೆಯ ಯಂತ್ರವನ್ನು ಹಿಡಿಯಿರಿ. ೪೧೫ ವೋಲ್ಟಿನ ಮೂರು ಫೇಸಿನ ಇಂಡಕ್ಷನ್ ಮೋಟಾರೇ ಸಾಕು. ಲೇತು, ಪಂಪು, ಕಂಪ್ರೆಸರು, ಹಿಟ್ಟಿನ ಗಿರಣಿ ಎಲ್ಲಿ ನೋಡಿದರೂ ಅದೇ ಇದೆ. ಮಾಲಿಕರು "ಮೋಟಾರು ಸುಟ್ಟಿದೆ, ಬೇಗ ವೈಂಡಿಂಗ್ ಮಾಡಿಕೊಡಿ" ಎನ್ನುತ್ತಾರೆ. ಹೇಳಿದಂತೆ ಮಾಡಿಕೊಟ್ಟು ಬಂದರೆ ತಿಂಗಳಲ್ಲಿ ಅದು ಮತ್ತೆ ಸುಡಬಹುದು. ಆಗ ಅಪವಾದ ನಿಮ್ಮ ಮೇಲೆ. ಸುಟ್ಟ ಸುರುಳಿಯೇ ಕಾರಣ ಹೇಳುತ್ತದೆ, ಓದಲು ಬರಬೇಕು. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಸಿನ ಸುರುಳಿಗಳು ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿದಿದ್ದರೆ, ಒಂದು ಫೇಸು ಬಾರದೆ ಮೋಟಾರು ಓಡಿದೆ ಎಂದರ್ಥ. ಡೆಲ್ಟಾದಲ್ಲಾದರೆ ಒಂದೇ ಫೇಸಿನದು ಕಪ್ಪಾಗಿರುತ್ತದೆ. ಮೂರೂ ಸಮನಾಗಿ ಕಪ್ಪಾಗಿದ್ದರೆ ಹೆಚ್ಚಾಗಿ ಅದು ಅತಿಭಾರದ ಫಲ. ಬೆಲ್ಟಿನ ಬಿಗಿ, ಬೇರಿಂಗು, ಓವರ್‌ಲೋಡ್ ರಿಲೇ ಎಷ್ಟಕ್ಕೆ ತಿರುಗಿಸಿದೆ ಎಂಬುದನ್ನೆಲ್ಲ ನೋಡಬೇಕು. ಫ್ಯೂಜು ಸಡಿಲವಾಗಿದ್ದುದಕ್ಕೆ ತಾಮ್ರದ ತಂತಿಯನ್ನು ಶಿಕ್ಷಿಸಿ ಪ್ರಯೋಜನವೇನು?

ಮೋಟಾರನ್ನು ಹಿಂದಿರುಗಿಸುವ ಮೊದಲು ೫೦೦ ವೋಲ್ಟಿನ ಮೆಗ್ಗರ್ ಹಿಡಿದು ನಿರೋಧ ನೋಡಿ. ಹಳೆಯ ಮೋಟಾರಿಗೆ ಒಂದು ಮೆಗಾಓಮಿಗಿಂತ ಕಡಮೆ ಇರಕೂಡದು; ಹೊಸ ಸುರುಳಿಗೆ ಅದಕ್ಕಿಂತ ಬಹಳ ಹೆಚ್ಚು ಬರಬೇಕು. ಖಾಲಿ ಓಡಿಸಿ ಮೂರು ಫೇಸಿನ ಆಂಪಿಯರು ಸರಿಸುಮಾರು ಸಮನಿದೆಯೆ ಎಂದು ಅಳೆಯಿರಿ. ಈ ಅಂಕೆಗಳನ್ನು ಒಂದು ಚೀಟಿಯಲ್ಲಿ ಬರೆದು ಮಾಲಿಕನಿಗೆ ಕೊಡಿ, ಪ್ರತಿಯೊಂದು ನಿಮ್ಮಲ್ಲಿರಲಿ. ಬೇರಿಂಗಿನ ನಂಬರು, ತಂತಿಯ ಗೇಜು, ಸುತ್ತುಗಳ ಸಂಖ್ಯೆ ಎಲ್ಲ ಅದರಲ್ಲೇ. ಗುಮಾಸ್ತ ಮಿತ್ರರು ನಗುತ್ತಿದ್ದಾರೆ. ನಗಲಿ, ಈ ವ್ಯಾಪಾರದ ಅರ್ಧ ಅವರ ವಿದ್ಯೆಯೇ.

ಮುಳುಗಿಸುವುದು ದುಡ್ಡು. ಕೆಲಸವಿಲ್ಲದೆ ಮುಚ್ಚಿದ ಅಂಗಡಿಗಿಂತ, ಕೆಲಸ ಮಾಡಿ ಹಣ ಬಾರದೆ ಮುಚ್ಚಿದ ಅಂಗಡಿಗಳನ್ನೇ ನಾನು ಹೆಚ್ಚು ಕಂಡಿದ್ದೇನೆ. ನನ್ನದೇ ಒಂದು ಬಿಲ್ಲು ಏಳು ತಿಂಗಳು ಒಂದು ಕಾರ್ಖಾನೆಯ ಮೇಜಿನ ಮೇಲೆ ನಿದ್ರೆ ಮಾಡಿತು. ೨೦೨೦ರಿಂದ ಸಣ್ಣ ಉದ್ಯಮಗಳಿಗೆ ಉದ್ಯಮ್ ನೋಂದಣಿ ಇದೆ. ಶುಲ್ಕವಿಲ್ಲ, ಹಣ ಕೇಳುವ ದಲ್ಲಾಳಿಗಳನ್ನು ದೂರವಿಡಿ. ನೋಂದಾಯಿಸಿಕೊಂಡವನಿಗೆ ೨೦೦೬ರ ಕಾಯಿದೆಯಂತೆ ೪೫ ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಜರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಬಿಲ್ಲಿನ ಮೇಲೆ ನೋಂದಣಿಯ ಸಂಖ್ಯೆ ಅಚ್ಚಾಗಿದ್ದರೆ ಲೆಕ್ಕದ ಗುಮಾಸ್ತನ ಕಣ್ಣಿಗೆ ಬೀಳುತ್ತದೆ. ಆದರೂ ನಾಳೆ ಕೆಲಸ ಕೊಡುವವನ ಮೇಲೆ ದೂರು ಕೊಡಲು ಒಬ್ಬಂಟಿಗೆ ಧೈರ್ಯ ಬಾರದು. ಆದ್ದರಿಂದ ತಾಮ್ರದ ಬೆಲೆಯನ್ನು ಮುಂಗಡವಾಗಿ ಪಡೆಯಿರಿ. ಉದ್ರಿ ನಿಲ್ಲುವುದಾದರೆ ಕೂಲಿ ಮಾತ್ರ ನಿಲ್ಲಲಿ. ಒಬ್ಬನೇ ಗಿರಾಕಿಯಿಂದ ಮೂರನೆಯ ಒಂದಂಶಕ್ಕಿಂತ ಹೆಚ್ಚು ಕೆಲಸ ಬೇಡ ಎಂದು ನನ್ನ ಅಭಿಪ್ರಾಯ.

ಆಯುಧಗಳಿಗೆ ಹಣ ಸಾಲದಿದ್ದರೆ ೨೦೧೫ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ೫೦,೦೦೦ ರೂಪಾಯಿವರೆಗಿನ ಶಿಶು ಸಾಲವನ್ನು ಅಡವಿಲ್ಲದೆ ಬ್ಯಾಂಕಿನಲ್ಲಿ ಕೇಳಬಹುದು. ಆ ಹಣದಲ್ಲಿ ಮೋಟರ್ ಸೈಕಲ್ ಕೊಳ್ಳುವವರೂ ಇದ್ದಾರೆ!

ಕೊನೆಗೊಂದು ವಿಷಯ. ಕಾರ್ಖಾನೆಯ ವಯರಿಂಗಿಗೆ ಸರಕಾರದ ಪರವಾನಗಿ ಇಲ್ಲದೆ ಕೈಹಾಕಬೇಡಿ. ಮೋಟಾರು ಬಿಚ್ಚುವಾಗ ಮೇನ್ ಆರಿಸಿ, ನಿಮ್ಮದೇ ಬೀಗ ಹಾಕಿ, ಫ್ಯೂಜುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ರಾತ್ರಿ ಕರೆ ಬಂದರೆ ಕಾವಲುಗಾರನಾದರೂ ಹತ್ತಿರ ನಿಂತಿರಬೇಕೆಂದು ಹಟ ಮಾಡಿ. ಒಬ್ಬನೇ ನಡೆಸುವ ಅಂಗಡಿಯಲ್ಲಿ ಬದಲಿಗೆ ಬರುವವನಿಲ್ಲ, ಮನೆಯಲ್ಲಿ ಕಾಯುವವರಿದ್ದಾರೆ.

ಮೆಗ್ಗರ್ ಒಂದನ್ನು ತಂದಿದ್ದೇನೆ. ಸಭೆ ಮುಗಿದ ಮೇಲೆ ಬೇಕಾದವರು ಹಿಡಿದು ನೋಡಬಹುದು.