ಕನ್ನಡದ ಕಂಪ್ಯೂಟರಿಗೆ ಒಬ್ಬನೇ ಧಣಿ ಏಕೆ?

(ಮೂಡಿಗೆರೆಯಲ್ಲಿ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತುಗಳು)



ಪೇಟೆಯಲ್ಲಿ ಓದುತ್ತಿರುವ ನೀವು ಊರಿಗೆ ಬಂದಾಗ ಹಿರಿಯ ಬೆಳೆಗಾರರನ್ನು ಕೇಳಿ. ಒಂದು ಕಾಲದಲ್ಲಿ ಬೆಳೆದ ಕಾಫಿಯನ್ನು ಬೋರ್ಡಿನ ಪೂಲಿಗೇ ಹಾಕಬೇಕಿತ್ತು. 1990ರ ದಶಕದಲ್ಲಿ ಆ ಕಟ್ಟು ಬಿಚ್ಚಿತು. ಕಂಪ್ಯೂಟರಿನಲ್ಲಿ ಮಾತ್ರ ನಾವು ಇಂದಿಗೂ ಒಬ್ಬನೇ ಧಣಿಯ ಬಾಗಿಲಲ್ಲಿ ನಿಂತಿದ್ದೇವೆ!

ಆ ಧಣಿ ಮೈಕ್ರೋಸಾಫ್ಟ್. ಏಕಸ್ವಾಮ್ಯದ ಆರೋಪದ ಮೇಲೆ 1998ರಲ್ಲಿ ಅಮೆರಿಕ ಸರ್ಕಾರವೇ ಅದರ ವಿರುದ್ಧ ಕೋರ್ಟಿಗೆ ಹೋಯಿತು. 2000ದಲ್ಲಿ ತೀರ್ಪು ಕಂಪನಿಯ ವಿರುದ್ಧ ಬಂತು, 2001ರಲ್ಲಿ ರಾಜಿಯಾಯಿತು. ಧಣಿತನ ಹೋಯಿತೇ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಎಷ್ಟೋ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಗಟ್ಟಿಮುಟ್ಟಾದ ಯಂತ್ರ ಗುಜರಿಗೆ!

ಬೇರೆ ದಾರಿ ಇಲ್ಲವೇ? ಇದೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇದೆ. ದುಡ್ಡು ಕೊಡಬೇಕಿಲ್ಲ, ಬಲ್ಲವರು ತಿದ್ದಿಕೊಳ್ಳಬಹುದು. ನಮ್ಮ ಹುಡುಗರೇ ಮಾಡಿದ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಅದರಲ್ಲಿ ಸಿಗುತ್ತವೆ.

ಹಾಗಾದರೆ ನಮ್ಮನ್ನು ಹಿಡಿದಿರುವುದೇನು? ಪ್ರೆಸ್ಸಿನವನಾಗಿ ಹೇಳುತ್ತೇನೆ, ಕೇಳಿ. ಎಷ್ಟೋ ಪ್ರೆಸ್ಸುಗಳು ಇನ್ನೂ ಪೇಜ್‌ಮೇಕರ್ ಬಿಟ್ಟಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಹೀಗಾಗಿ ನುಡಿ, ಬರಹಗಳಲ್ಲಿ ಯೂನಿಕೋಡ್ ಇದ್ದರೂ ಮದುವೆ ಕರೆಯೋಲೆಯಿಂದ ಕಾದಂಬರಿಯವರೆಗೆ ಹಳೆಯ ಸಂಕೇತದಲ್ಲೇ ಟೈಪಾಗುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆಯಿರಿ, ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ! ಕಾಗದದ ಮೇಲೆ ಕನ್ನಡ; ಕಂಪ್ಯೂಟರಿನ ಕಣ್ಣಿಗೆ ಅದು ಕನ್ನಡವೇ ಅಲ್ಲ. ಬೀಗ ಧಣಿಯದು, ಆದರೆ ಒಳಗಿನಿಂದ ಚಿಲಕ ಹಾಕಿಕೊಂಡವರು ನಾವು.

ನಮ್ಮೂರಿನ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ನೆಲೆಯಾಗಬೇಕೆಂದು ಕಡೆಯವರೆಗೂ ಬಡಿದಾಡಿದವರು ಅವರು. ಅವರ ಹೆಸರು ಹೇಳಿ ಚಪ್ಪಾಳೆ ತಟ್ಟಿದರೆ ಸಾಲದು.

ಕಾಸರಗೋಡನ್ನೇ ನೋಡಿ. ಕೇರಳ ಸರ್ಕಾರದೊಂದಿಗೆ ನಮ್ಮ ಜಗಳ ಇದ್ದದ್ದೇ. ಆದರೆ ಆ ಸರ್ಕಾರ ತನ್ನ ಶಾಲೆಗಳಲ್ಲಿ ಲಿನಕ್ಸ್ ಕಲಿಸುತ್ತದೆ. ಅಲ್ಲಿನ ಕನ್ನಡ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಒಳ್ಳೆಯದನ್ನು ಎದುರಾಳಿಯಿಂದಲೂ ಕಲಿಯೋಣ.

ಅಂಗಡಿ ಬೋರ್ಡಿಗೆ ಮಸಿ ಬಳಿಯುವುದು ಸುಲಭ. ಇದು ಅದಕ್ಕಿಂತ ಕಷ್ಟದ ಕೆಲಸ. ಪುಸ್ತಕ ಅಚ್ಚು ಹಾಕಿಸಿದರೆ ಯೂನಿಕೋಡ್ ಪ್ರತಿ ಕೇಳಿ ಪಡೆಯಿರಿ. ಸರ್ಕಾರಿ ಕಡತ ಯಾವ ಯಂತ್ರದಲ್ಲೂ ತೆರೆಯುವಂತಿರಲಿ ಎಂದು ಮನವಿ ಕೊಡಿ. ಗುಜರಿಗೆ ಹೊರಟ ಒಂದು ಯಂತ್ರಕ್ಕೆ ಲಿನಕ್ಸ್ ಹಾಕಿ ನಿಮ್ಮೂರ ಶಾಲೆಗೆ ಕೊಡಿ.

ಸಿರಿಗನ್ನಡಂ ಗೆಲ್ಗೆ!